ಕರಿ ಲಾಮಾದ ಅಂಚು

ದೊಡ್ಡ ದೂರದರ್ಶಕವನ್ನು ಮೂರು ಗಂಟೆ ಬಳಸುವ ಅವಕಾಶಕ್ಕೆ ಖಗೋಳ ವಿಜ್ಞಾನಿ ಯಾಸ್ನಾ ತೆತ್ತದ್ದು ಒಂದು ವರ್ಷದ ಕಾಯುವಿಕೆ ಮತ್ತು ಮನೆಯಲ್ಲಿ ಸಾಕಿದ, ಒಂಟೆ ಜಾತಿಯ ಲಾಮಾಗಳ ಕಿವಿಗೆ ಬಣ್ಣದ ಉಣ್ಣೆ ಕಟ್ಟುವ ಹಬ್ಬ. ಸಾನ್ ಪೆದ್ರೊ ಬಸ್ ನಿಲ್ದಾಣದಲ್ಲಿ ಕರಿದ ಕಡುಬು ಮಾರುವ ನೆಲ್ದಾಳಿಗೆ ಇದು ತಿಳಿದದ್ದು, ಮೊಮ್ಮಗಳ ಜೊತೆ ಬಸ್ಸಿಗೆ ಕಾಯುತ್ತಿದ್ದ ಯಾಸ್ನಾಳ ಅಜ್ಜಿಯ ಬೈಗುಳದಿಂದ. ನೆಲ್ದಾ ಬಾಣಲೆ ಒರೆಸುವ ನೆಪದಲ್ಲಿ ಅಲ್ಲೇ ನಿಂತಳು.

“ಹಬ್ಬಕ್ಕೆ ಎಲ್ರೂ ಬಂದ್ರು. ಮಹಾರಾಣಿ ಒಬ್ಬಳೇ ಬರ್ಲಿಲ್ಲ.”

“ದೂರದರ್ಶಕದವ್ರು ಕೊಟ್ಟಿದ್ದೇ ಆ ದಿನ ಅಜ್ಜಿ. ಅದ್ರಲ್ಲೂ ಗಾಳಿ ಎದ್ದು ಎರಡು ಗಂಟೆ ಹೋಯ್ತು.”

“ಉಳಿದ ಒಂದು ಗಂಟೇಲಿ ಏನು ಕಡಿದು ಕಟ್ಟೆ ಹಾಕ್ದೆ?”

“ಆಕಾಶದಲ್ಲಿ ಹಾಲುಹಾದಿಯ ನಡುವೆ ಲಾಮಾ ಥರ ಕಾಣೋ ಕಪ್ಪು ಜಾಗ, ನೀನು ತೋರಿಸ್ತಿದ್ದ ಕರಿ ಲಾಮಾ ಇದ್ಯಲ್ಲ, ಅದು ಅನಿಲ, ದೂಳಿನ ಮೋಡ. ಅದರ ಅಂಚು ನೋಡ್ದೆ. ಪಕ್ಕದ ನಕ್ಷತ್ರದ ನೇರಳಾತೀತ ಬೆಳಕು ಅಲ್ಲಿ ಅಣುಗಳನ್ನ ಒಡೆದು ಹಾಕುತ್ತೆ.”

“ಮಾಂಸ ಒಣಗಿಸುವಾಗ ಮೇಲ್ಪದರ ಬಿಸಿಲಿಗೆ ಸುಡುತ್ತಲ್ಲ, ಹಂಗಾ?”

“ಹಂಗೇ. ಒಳಗಿರೋದನ್ನ ದೂಳು ಕಾಯುತ್ತೆ. ಆದ್ರೆ ಅಂಚಲ್ಲಿ ಒಡೆದ ಚೂರುಗಳೇ ಕೂಡಿ ಬೇರೆ ಅಣು ಆಗಿತ್ತು ಅಜ್ಜಿ. ಆ ಮೋಡದಲ್ಲಿ ಅದನ್ನ ಇದುವರೆಗೆ ಯಾರೂ ಕಂಡಿರ್ಲಿಲ್ಲ.”

ಅಜ್ಜಿ ಮೊಮ್ಮಗಳ ಕಡೆ ತಿರುಗಿದಳು.

“ಅಂದ್ರೆ ಹಬ್ಬದ ದಿನ ನೀನು ದೊಡ್ಡ ಲಾಮಾದ ಹತ್ರಾನೇ ಇದ್ದೆ.”

“ಇದ್ದೆ.”

“ಅದನ್ನ ಮೊದ್ಲೇ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ? ವಾರದಿಂದ ಬೈತಾ ಇದೀನಿ, ಗಂಟಲು ಒಣಗೋಯ್ತು!”

ಬಸ್ಸು ಬಂತು. ಅಜ್ಜಿ ಮೊಮ್ಮಗಳ ತಲೆ ಬಗ್ಗಿಸಿ ಹಣೆಗೆ ಮುತ್ತಿಟ್ಟು ಹತ್ತಿದಳು. ಯಾಸ್ನಾಳಿಗೆ ಒಂದು ಅಣು ದಕ್ಕಿತು, ಅಜ್ಜಿಯ ಮುನಿಸು ಕಳೆಯಿತು. ಆ ವರ್ಷದ ಹಬ್ಬ ಮಾತ್ರ ಹೋದದ್ದು ಹೋಯಿತು.