ಎರಡನೇ ಲೈನು

ಲೇ, ಬಾಗಿಲು ಹಾಕಿದ್ಯಾ? ಹ್ಞಾಂ... ಕೇಳಿ ಹಾಗಾದ್ರೆ. ಇದು ನಮ್ಮ ದೊಡ್ಡಪ್ಪನ ಮಗನಿಗೇ ಆಗಿದ್ದು, ಅವನೇ ಅಳ್ತಾ ಹೇಳಿದ್ದು. ರಾತ್ರಿ ಆಸ್ಪತ್ರೆ ಕೆಲಸ ಮುಗಿಸಿ ಒಬ್ಬನೇ ಮನೆಗೆ ನಡೀತಿದ್ದ. ದಾರಿ ಪಕ್ಕ ಪಾಳುಬಾವಿ. ಅದನ್ನ ಕಂಡ್ರೆ ಅವನು ಬಿರಬಿರ ದಾಟೋನು. ಸೋಡಾಬುಡ್ಡಿ ಸತ್ತಿದ್ದು ಅದರಲ್ಲೇ.

ಸೋಡಾಬುಡ್ಡಿ ಅಂದ್ರೆ ಇವನ ಜೊತೆ ಕೆಲಸ ಮಾಡ್ತಿದ್ದವನು. ದಪ್ಪ ಕನ್ನಡಕ, ಪಾಪದ ಪ್ರಾಣಿ. ಇಬ್ಬರೂ ಸೇರಿ ಆಸ್ಪತ್ರೆಗೆ ಫೈರ್‌ವಾಲ್ ಅಂತ ಇಂಟರ್ನೆಟ್ ಕಾಯೋ ಪೆಟ್ಟಿಗೆ ಕೂರಿಸಿ, ಎರಡು ಕಂಪನಿಯ ಇಂಟರ್ನೆಟ್ ಲೈನ್ ಎಳೆದಿದ್ರು. ಒಂದು ಹೋದ್ರೆ ಫೈರ್‌ವಾಲ್ ತಾನಾಗೇ ಇನ್ನೊಂದಕ್ಕೆ ದಾಟಿಸಬೇಕು. ದಾಟಿಸುತ್ತೋ ಇಲ್ವೋ ಗೊತ್ತಾಗೋಕೆ ಒಂದೇ ದಾರಿ, ನಡೀತಿರೋ ಲೈನನ್ನ ಕೈಯಾರೆ ಕಿತ್ತು ನೋಡೋದು. ಆ ಕೆಲಸ ನಮ್ಮಣ್ಣಂದು. ಇವನೋ ಮಹಾ ಸೋಮಾರಿ! ಎರಡಕ್ಕೂ ಹಸಿರು ದೀಪ ಉರೀತಿದೆಯಲ್ಲ, ಇನ್ನೇನು ಅಂದ್ಕೊಂಡು 'ಕಿತ್ತು ನೋಡಾಯ್ತು' ಅಂದುಬಿಟ್ಟ.

ಒಂದು ಮಗುವಿನ ಆಪರೇಷನ್. ದೂರದ ದೊಡ್ಡ ಡಾಕ್ಟರು ಪರದೆ ಮೇಲೆ ಹೇಳಿಕೊಡ್ತಿದ್ರು. ಮಾತಿನ ಮಧ್ಯೆ ಮೊದಲನೇ ಲೈನ್ ಹೋಯ್ತು. ಎರಡನೇದು ಎತ್ಕೊಳ್ಳಲೇ ಇಲ್ಲ. ಮಗು ಉಳೀಲಿಲ್ಲ. ಟೆಸ್ಟ್ ಮಾಡಿದ್ದು ಯಾರು ಅಂತ ಕೇಳಿದಾಗ ಇವನು ಸೋಡಾಬುಡ್ಡಿ ಕಡೆ ಬೆರಳು ತೋರಿಸಿದ. ಥೂ! ಮಗುವಿನ ಅಪ್ಪ ಎಲ್ಲರೆದುರು ಆ ಪಾಪದವನ ಮುಖಕ್ಕೆ ಉಗಿದ. ಅವತ್ತು ರಾತ್ರಿಯೇ ಸೋಡಾಬುಡ್ಡಿ ಬಾವಿ ಪಾಲಾದ.

ಸರಿ, ನಮ್ಮಣ್ಣ ಬಾವಿ ಹತ್ರ ಬಂದ...

ಟಿಕ್.

ಇಂಟರ್ನೆಟ್ ವೈರಿನ ತುದೀಲಿ ಪುಟ್ಟ ಪ್ಲಾಸ್ಟಿಕ್ ಕೊಂಡಿ ಇರುತ್ತಲ್ಲ, ಅದನ್ನ ಒತ್ತಿ ಕಿತ್ತಾಗ ಬರೋ ಸದ್ದು. ಬಾವಿ ಒಳಗಿಂದ. ಮತ್ತೆ... ಟಿಕ್. ಈ ಸಲ ಬೆನ್ನ ಹಿಂದೆ.

"ಯಾ... ಯಾರು?"

"ನಾನು ಕಣೋ."

ಇವನು ಕೈ ಮುಗಿದ. "ತಪ್ಪಾಯ್ತು ಮಾರಾಯ, ಬಿಟ್ಬಿಡೋ."

"ಮಗುವಿನ ಅಪ್ಪನ ಹತ್ರ ನಿಜ ಹೇಳ್ತೀಯಾ?"

"ಹೇಳ್ತೀನಿ. ನಾಳೆನೇ ಹೇಳ್ತೀನಿ."

"ಸುಳ್ಳ. ಅವತ್ತೂ ಹೀಗೇ 'ಕಿತ್ತು ನೋಡಾಯ್ತು' ಅಂದಿದ್ದೆ." ಕೆನ್ನೆಗೆ ಒದ್ದೆ ಉಸಿರು ತಾಕಿತು. "ನಿಂಗೂ ಎರಡಿವೆ ಅಲ್ವಾ... ಒಂದು ಕಿತ್ತು ನೋಡೋಣ."

ಬಲಗಿವಿಯೊಳಗೆ... ಟಿಕ್.

ಅಷ್ಟೇ. ನೋವಿಲ್ಲ, ರಕ್ತ ಇಲ್ಲ. ಬಲಗಡೆ ಜೀರುಂಡೆ ಸದ್ದು ನಿಂತೇಹೋಯ್ತು. ಎಡಗಡೆ ಜೀರ್ ಅಂತಾನೇ ಇತ್ತು.

"ಇನ್ನೊಂದು ಇರಲಿ. ನಿಜ ಹೇಳ್ತೀಯೇನೋ ನೋಡ್ತೀನಿ."

ಬಲಗಿವಿ ಇವತ್ತಿಗೂ ಕೇಳಲ್ಲ ಕಣ್ರೋ. ಡಾಕ್ಟರುಗಳು ಕಿವಿ ಚೆನ್ನಾಗೇ ಇದೆ ಅಂತಾರೆ. ನಾನೇ ಆ ಕಿವಿ ಹತ್ರ ಪಿಸುಗುಟ್ಟಿ ನೋಡಿದ್ದೀನಿ, ತಿರುಗಿ ಕೂಡ ನೋಡಲ್ಲ. ನಂಬದಿದ್ರೆ ಹೋಗಿ ಕೇಳಿ. ಮಗುವಿನ ಅಪ್ಪನ ಮನೆ ಕಡೆ ಮಾತ್ರ ಇನ್ನೂ ತಲೆ ಹಾಕಿಲ್ಲ, ಹೇಡಿ ನನ್ಮಗ.

ಮೊನ್ನೆ ರಾತ್ರಿ ಅತ್ತಿಗೆಗೆ ಎಚ್ಚರ ಆಯ್ತಂತೆ. ಇವನ ಎಡಗಿವಿ ಮೇಲೆ ಒಂದು ಕೈ ಇತ್ತಂತೆ. ಹೆದರ್ಕೊಂಡು ಕಿವಿ ಮುಚ್ಕೊಂಡಿದ್ದಾನೆ ಪಾಪ ಅಂತ ಮೆಲ್ಲಗೆ ಸರಿಸೋಕೆ ಹೋದ್ರೆ... ಒದ್ದೆ. ದೀಪ ಹಾಕಿ ನೋಡಿದ್ರೆ, ಅವನ ಎರಡೂ ಕೈ ಹೊದಿಕೆ ಒಳಗೇ ಇದ್ವಂತೆ. ಅತ್ತಿಗೆ ಸುಳ್ಳು ಹೇಳೋರಲ್ಲ.