ಮಳೆ ಬಂದರೆ ಬಿಸಿಯಾಗುವ ಡಬ್ಬಿ

ಸಂಡೂರಿನ ಘಟ್ಟದಲ್ಲಿ ಅದಿರಿನ ಲಾರಿಯೊಂದು ಅಡ್ಡ ಮಲಗಿ, ಹಿಂದೆ ಮುಂದೆ ಮೈಲುದ್ದ ಲಾರಿಗಳು ನಿಂತುಬಿಟ್ಟಿದ್ದವು. ಆಯುಧ ಪೂಜೆ ಮುಗಿದು ಮೂರು ದಿನವಾಗಿತ್ತು. ಲಾರಿಗಳ ಮೂತಿಗೆ ಕಟ್ಟಿದ್ದ ಚೆಂಡುಹೂವಿನ ಹಾರಗಳು ಮಳೆಗೆ ಜೋತುಬಿದ್ದು ಕೆಂಪು ನೀರು ಸುರಿಸುತ್ತಿದ್ದವು. ಸಂಜೆ ಐದಕ್ಕೇ ದೀಪ ಹಚ್ಚುವಷ್ಟು ಕತ್ತಲು. ಕಂಪ್ಲಿಯ ಅಂಜಿನಿ ಈ ದಾರಿಗೆ ಹೊಸಬ. ಟಿಪ್ಪರಿನಿಂದ ಇಳಿದವನು ತಲೆಗೆ ಗೋಣಿಚೀಲ ಹೊದ್ದು, ತಿರುವಿನ ಪಕ್ಕದಲ್ಲಿದ್ದ ಗಾಳೆಮ್ಮನ ಚಾದಂಗಡಿಗೆ ನುಗ್ಗಿದ. ಒಳಗೆ ಆಗಲೇ ಐದಾರು ಡ್ರೈವರುಗಳು ಬೆಂಚಿನ ಮೇಲೆ ಒತ್ತಿಕೊಂಡು ಕುಳಿತಿದ್ದರು. ಬಾಗಿಲ ಮೂಲೆಯಲ್ಲಿ ಒಬ್ಬ ಬಡಕಲು ಮುದುಕ ಎರಡೂ ಅಂಗೈಗೆ ಬಟ್ಟೆ ಸುತ್ತಿಕೊಂಡು ಬಕೀಟಿನಲ್ಲಿ ಲೋಟ ತೊಳೆಯುತ್ತಿದ್ದ.

ಚಾ ಕುಡಿದು ಲೋಟ ಇಡಲು ಹೋದ ಅಂಜಿನಿ ಚುರಕ್ಕೆಂದು ಕೈ ಎಳೆದುಕೊಂಡ. ಹಲಗೆಯ ಮೇಲೆ ಅಂಗೈಯಗಲದ, ಗೀರುಗೀರಾದ ಒಂದು ಅಲ್ಯೂಮಿನಿಯಂ ಡಬ್ಬಿ ಇತ್ತು. ಅದರ ಬಾಯಿಂದ ಐದು ತುಂಡು ವೈರು ಹೊರಗೆ ಚಾಚಿದ್ದವು. ಯಾವ ವೈರೂ ಯಾವುದಕ್ಕೂ ಸೇರಿರಲಿಲ್ಲ.

"ಏನವ್ವಾ ಇದು, ಇಸ್ತ್ರಿ ಪೆಟ್ಟಿಗಿಯಂಗ ಸುಡತೈತಿ? ಒಲಿ ನೋಡಿದ್ರ ಆ ಕಡಿ ಐತಿ."

"ಮಳಿ ಬಂದಾಗೆಲ್ಲಾ ಹಂಗ ಅದು" ಎಂದಳು ಗಾಳೆಮ್ಮ. ಅರವತ್ತೈದರ ಮುದುಕಿ, ಮಾತು ಮಾತ್ರ ಖಡಕ್ಕು. ಸ್ಟೋವಿನ ಉರಿ ತಗ್ಗಿಸಿ, ಸೆರಗಿನಿಂದ ಕೈ ಒರೆಸಿಕೊಂಡು ಅವರ ಎದುರಿಗೆ ಬಂದು ಕುಳಿತಳು. "ರಸ್ತಾ ಇನ್ನಾ ಎರಡು ತಾಸು ಬಿಡಂಗಿಲ್ಲ. ಕುಂದ್ರಿ, ಹೇಳ್ತೀನಿ."

ಬೆಂಚು ಇನ್ನಷ್ಟು ಹತ್ತಿರ ಸರಿಯಿತು.

"ಐದು ವರ್ಷದ ಹಿಂದಿನ ಮಾತು, ಕೇಳ್ರಪಾ. ಚೀನಾಕ್ಕ ಅದಿರು ಹೊಂಟು, ನಿನ್ನೆ ತನಕ ಸೈಕಲ್ ತುಳಿಯೋರು ರಾತ್ರೋರಾತ್ರಿ ಕಾರಿನ್ಯಾಗ ಅಡ್ಡಾಡಾಕ ಹತ್ತಿದ್ರಲ್ಲ, ಆಗಿನ ಮಾತು. ನನ್ನ ತಮ್ಮ ಹಾಲಸ್ವಾಮಿ ಹೊಸಪ್ಯಾಟ್ಯಾಗ ಆಟೋ ಎಲೆಕ್ಟ್ರಿಷಿಯನ್. ಅಂವ ವೈರು ಜೋಡಿಸಿದ್ರ ಟೇಪ್ ಸುತ್ತಿ, ಅದರ ಮ್ಯಾಲೆ ಒಂದು ಕೆಂಪು ದಾರ ಗಂಟು ಹಾಕಾಂವ. ಕಾವಿಗೆ ಟೇಪ್ ಬಿಚ್ಚಿಕೋತೈತಿ ಅಂತ. ದಾರ ನೋಡಿದ್ರ ಸಾಕು, ಇದು ಹಾಲಸ್ವಾಮಿ ಕೆಲಸ ಅಂತಿದ್ರು ಮಂದಿ. ಅವನ ಜೋಡಿ ಮೆಕ್ಯಾನಿಕ್ಕು ಓಬಳೇಶ. ಇಪ್ಪತ್ತು ವರ್ಷ ಒಂದ ಶೆಡ್ಡು, ಒಂದ ಬುತ್ತಿ. ನನ್ನ ಕೈಯಾಗಿನ ರೊಟ್ಟಿ ಎಷ್ಟು ತಿಂದಾನೋ ಆ ಓಬಳೇಶ... ಇಬ್ಬರದೂ ಒಂದು ಪದ್ಧತಿ ಇತ್ತು. ರಿಪೇರಿ ಆದ ಗಾಡಿ ಮೊದಲನೇ ಟ್ರಯಲ್ಲಿಗೆ ಇಬ್ಬರೂ ಕುಂದ್ರಬೇಕು, ಒಬ್ಬ ಸ್ಟೇರಿಂಗಿಗೆ, ಒಬ್ಬ ಪಕ್ಕದ ಸೀಟಿಗೆ. ನಾವ ಕುಂದ್ರದ ಗಾಡ್ಯಾಗ ಮಂದಿನ ಹೆಂಗ ಕುಂದರಸೋದು ಅಂತಿದ್ದ ನನ್ನ ತಮ್ಮ.

"ಗಣಿ ಸಾಹುಕಾರ ಒಬ್ಬಾಂವ ಒಂದು ಹಳೇ ಫಾರಿನ್ ಕಾರು ತಂದು ಶೆಡ್ಡಿಗೆ ಬಿಟ್ಟ. ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ನಾಕೂ ಕೆಟ್ಟಿದ್ವು. ಮುಂಬೈಯಿಂದ ಬ್ಯಾರೆ ನಾಕು ತರಿಸಿದ್ರ, ಅವು ಕರೆಂಟು ಭಾಳ ಎಳಿಯೋ ಜಾತಿ. ಹಂಗ ಜೋಡಿಸಿದ್ರ ಕಾರಿನ ಕಂಪ್ಯೂಟರ್ ಸುಟ್ಟು ಹೋಗತೈತಿ, ನಡುವ ಈ ರೆಸಿಸ್ಟರ್ ಡಬ್ಬಿ ಇರಬೇಕು. ತಮ್ಮ ಹೈದರಾಬಾದಿನ ಗುಜರಿ ಅಂಗಡಿಗೋಳು ಮೂರು ದಿನ ಅಲೆದು ಹುಡುಕಿ ತಂದ. ಬ್ಯಾಟರಿ ಕಡಿಂದ ಒಂದು ವೈರು ಒಳಗ, ನಾಕು ಇಂಜೆಕ್ಟರಿಗೆ ನಾಕು ವೈರು ಹೊರಗ. ಗಾಳಿ ಬಡಿಯೋ ಕಡೆ ತಗಡಿಗೆ ಬೋಲ್ಟ್ ಬಿಗಿದ. ನನ್ನ ಕರದು ತೋರಿಸಿದ, 'ಅಕ್ಕಾ, ಇದರ ಕೆಲಸ ಇಷ್ಟ. ಉರಿ ಎಲ್ಲಾ ತಾನು ನುಂಗತೈತಿ, ಉಳಿದವು ತಣ್ಣಗಿರತಾವ' ಅಂತ. ಆ ಮಾತು ಹೇಳಿದಾಗ ಅವನ ಮಾರಿ ಹೆಂಗ ಅರಳಿತ್ತು ಅಂತೀರಿ..."

ತಗಡಿನ ಮೇಲೆ ಮಳೆ ಜೋರಾಯಿತು.

"ಅದ ಹೊತ್ತಿಗೆ ಇನ್ನೊಬ್ಬ ಸಾಹುಕಾರ ಓಬಳೇಶನ ಕಿವಿ ಊದಿದ್ದ. ಅವನದೂ ಅಂಥದ ಕಾರು, ಅಂಥದ ರೋಗ. ನನ್ನ ಗಾಡಿ ಎಬ್ಬಿಸಿ ಕೊಡು, ಗಣಿ ಗ್ಯಾರೇಜಿಗೆ ನೀನ ಹೆಡ್ ಮೇಸ್ತ್ರಿ ಅಂತ. ಡಬ್ಬಿ ಇದ್ದದ್ದು ಒಂದು. ಏನು ಮಾಡಿದ ಓಬಳೇಶ? ಆಯುಧ ಪೂಜಿ ಮುಂಜಾನೆ ನನ್ನ ತಮ್ಮ ಜಳಕಕ್ಕ ಹೋದಾಗ ಡಬ್ಬಿ ಬಿಚ್ಚಿ ಬಗಲಿಗಿಟ್ಟ. ವೈರು ನೇರಾ ಸೇರಿಸಿ, ಬಾನೆಟ್ ಮುಚ್ಚಿ, ಮ್ಯಾಲೆ ಹಾರ ಹಾಕಿ, ಇಭೂತಿ ಬಳದು, ಕೈ ಮುಗದು ನಿಂತ. ಕೈ ಮುಗದು ನಿಂತದ್ದು ನಾನೂ ನೋಡಿದೆ. ಭಕ್ತಿ ಅಂದ್ಕೊಂಡೆ.

"ತಮ್ಮ ಬಂದು ಬಾನೆಟ್ ಮ್ಯಾಲೆ ಕೈ ಇಟ್ಟ. ಒಂದ್ಸಲ ಎತ್ತಿ ನೋಡಿಬಿಡ್ತೀನಿ ಅಂದ. ಆದ್ರ ಪಾನಾ, ಟೆಸ್ಟರು ಎಲ್ಲಾ ಅರಿಷಿಣ ಕುಂಕುಮ ಹಚ್ಚಿಕೊಂಡು ದೇವರ ಮುಂದ ಕುಂತಾವ. ಅವತ್ತು ನಮ್ಮ ಮಂದಿ ಅವನ್ನ ಮುಟ್ಟತಾರೇನು? ಓಬಳೇಶ ಅಂದ, 'ಪೂಜಿ ಆದ ಗಾಡಿ ಬಾನೆಟ್ ಎತ್ತತೀಯೇನಲೇ ಹಾಲ್ಯಾ? ನಾ ನೋಡೀನಲ್ಲ. ನನ್ನ ಮ್ಯಾಲೆ ನಂಬಿಕಿ ಇಲ್ಲೇನು?' ತಮ್ಮ ನಾಚಿಕೊಂಡು ಕೈ ತಗದ. ಗೆಳೆಯನ್ನ ಅನುಮಾನ ಪಟ್ಟೆ ಅಂತ ನಾಚಿಕೊಂಡನ್ರಪಾ ನನ್ನ ತಮ್ಮ... ಪಕ್ಕದ ಬಾಗಿಲು ತಗದು 'ಬಾರಲೇ ಓಬ್ಯಾ, ಟ್ರಯಲ್ ಐತಿ' ಅಂದ. ಓಬಳೇಶ ಹೊಟ್ಟಿ ಹಿಡ್ಕೊಂಡ. ನೋವು ಅಂದ. ಇಪ್ಪತ್ತು ವರ್ಷದಾಗ ಒಂದಿನ ಬರದ ಹೊಟ್ಟಿನೋವು ಅವತ್ತ ಬರಬೇಕೇನು?

"ಇಂಥದ ಮಳಿ. ಕಾರು ಯಶವಂತನಗರಕ್ಕ, ಸಾಹುಕಾರನ ಆಫೀಸಿಗೆ ಮುಟ್ಟಬೇಕಿತ್ತು. ಇದ ತಿರುವಿನ್ಯಾಗ ಕಂಪ್ಯೂಟರ್ ಸುಟ್ಟು ಇಂಜಿನ್ ಬಂದ್ ಆತು. ಹಿಂದಿನ ಟಿಪ್ಪರಿಗೆ ಕೆಸರಿನ್ಯಾಗ ಬ್ರೇಕ್ ಹತ್ತಲಿಲ್ಲ... ಮುಂದಿಂದು ನನ್ನ ಬಾಯಿಂದ ಬರಂಗಿಲ್ಲ. ಊರು ಏನಂತು? ಹಾಲಸ್ವಾಮಿ ವೈರಿಂಗ್ ಕೆಡಿಸಿಟ್ಟು, ತನ್ನ ಕೈಯಾರೆ ತಾನ ಸತ್ತ ಅಂತು. ಹೆಣದ ಮುಂದ ಕುಂತು ಓಬಳೇಶ ಹೌದೌದು ಅಂತ ಗೋಣು ಹಾಕಿದ. ಸತ್ತದ್ದು ಒಂದು ತೂಕ, ಆ ಗೋಣು ಹಾಕಿದ್ದು ಇನ್ನೊಂದು ತೂಕ. ನನ್ನ ಹೊಟ್ಟಿ ಇವತ್ತಿಗೂ ಉರಿಯೋದು ಅದಕ್ಕ.

"ತಿಂಗಳಾಗಿತ್ತು. ಓಬಳೇಶ ಹೆಡ್ ಮೇಸ್ತ್ರಿ ಆಗಿ, ಕದ್ದ ಡಬ್ಬಿ ಜೋಡಿಸಿದ ಆ ಎರಡನೇ ಸಾಹುಕಾರನ ಕಾರು ಹೊಡಕೊಂಡು ಇದ ದಾರ್ಯಾಗ ಬಂದ. ಮಳಿ ಹಿಡೀತು. ಈ ತಿರುವಿನ್ಯಾಗ ಗಾಡಿ ನಿಂತು ಬಿಡ್ತು. ಇಳದು ಬಾನೆಟ್ ಎತ್ತಿದ. ಏನೈತಿ ಅಲ್ಲಿ? ತಾನ ಟೇಪ್ ಸುತ್ತಿದ ಐದು ಜಾಯಿಂಟಿಗೂ ಕೆಂಪು ದಾರ. ಆಗಷ್ಟ ಗಂಟು ಹಾಕಿದಂಗ. ಬಾನೆಟ್ಟಿನ ಆ ಕಡಿಂದ, ಕಾರಿನ ಒಳಗಿಂದ ದನಿ ಬಂತು, 'ಬಾರಲೇ ಓಬ್ಯಾ, ಟ್ರಯಲ್ ಐತಿ.' ಬಗ್ಗಿ ನೋಡ್ತಾನ... ಸ್ಟೇರಿಂಗ್ ಹಿಂದ ಯಾರೋ ಕುಂತಾರ. ಪಕ್ಕದ ಬಾಗಿಲು ತಗದೈತಿ.

"ಡಬ್ಬಿ ಕಿತ್ತುಕೊಂಡು ಓಡಿದ. ಕೆಂಡದಂಗ ಕಾದಿತ್ತಂತ, ಆದ್ರೂ ಕೈ ಬಿಡಲಿಲ್ಲಂತ. ಮುಂಜಾನೆ ನನ್ನ ಬಾಗಿಲಿಗೆ ಬಂದು ಎಲ್ಲಾ ಒದರಿದ. ಸಾಯಲಿ ಅಂತ ಮಾಡಿದ್ದಿಲ್ಲಕ್ಕಾ, ದಾರ್ಯಾಗ ಗಾಡಿ ನಿಂತು ಅವನ ಹೆಸರು ಕೆಡಲಿ ಅಂತ ಅಷ್ಟ ಮಾಡಿದ್ದೆ ಅಂದ. ಈ ಗೀರು ಅದಾವಲ್ಲ ಡಬ್ಬಿ ಮ್ಯಾಲೆ, ಹಂಗ ಎರಡೂ ಅಂಗೈಯಾಗ ಬರಿ ಬಿದ್ದಿದ್ವು. ನಾ ಬೈಯಲಿಲ್ಲ, ಹೊಡಿಲಿಲ್ಲ. ಈ ತಿರುವಿನ್ಯಾಗ ಅಂಗಡಿ ಹಾಕಿದೆ. ನೀನೂ ಬಾ ಅಂದೆ. ನನ್ನ ಕಣ್ಣೆದುರಿಗೆ ಇರು, ಮಳಿ ಬಂದಾಗೆಲ್ಲಾ ಅಂವ ಕರಿಯೋದನ್ನ ಕೂತು ಕೇಳು ಅಂದೆ. ಬಂದ. ಬರದ ಎಲ್ಲಿ ಹೋಗತಾನ? ಐವತ್ತು ದಾಟಿಲ್ಲ, ಎಂಬತ್ತರಾಂವ ಕಂಡಂಗ ಕಾಣತಾನ."

ಅಂಜಿನಿ ಮೂಲೆಗೆ ತಿರುಗಿದ. ಬಕೀಟಿನಲ್ಲಿ ಲೋಟಗಳು ಮುಳುಗಿದ್ದವು. ನೆಲದ ಮೇಲೆ ಎರಡು ಒದ್ದೆ ಬಟ್ಟೆ ಬಿದ್ದಿದ್ದವು. ಮುದುಕ ಇರಲಿಲ್ಲ. ಬಾಗಿಲಿಗೆ ಕಟ್ಟಿದ್ದ ಗೋಣಿಪರದೆ ಇನ್ನೂ ಅಲ್ಲಾಡುತ್ತಿತ್ತು.

"ಅವ್ವಾ, ಅಜ್ಜ..."

"ಮಳಿ ಬಂದ್ರ ತಿರುವಿನ ತನಕ ಹೋಗತಾನ. ಆ ಕಾರಿನ್ಯಾಗ ಕುಂದ್ರಾಕ ಧೈರ್ಯ ಸಾಲದ ತಿರುಗಿ ಬರತಾನ. ಐದು ವರ್ಷ ಆತು."

ಆಗ ಹೊರಗೆ, ಮಳೆಯ ನಡುವೆ, ಕಾರಿನ ಬಾಗಿಲು ಹಾಕಿದ ಸದ್ದು ಕೇಳಿಸಿತು. ಡ್ರೈವರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ದಾರಿಯಲ್ಲಿ ಸಿಕ್ಕಿಕೊಂಡು ನಿಂತಿದ್ದವೆಲ್ಲ ಲಾರಿಗಳೇ.

ಗಾಳೆಮ್ಮ ಎದ್ದು ಹೋಗಿ ಡಬ್ಬಿಯ ಮೇಲೆ ಅಂಗೈ ಇಟ್ಟಳು. ಬಹಳ ಹೊತ್ತು ಹಾಗೇ ಇಟ್ಟುಕೊಂಡಿದ್ದಳು. ಆಮೇಲೆ ಅದನ್ನು ತಂದು ಅಂಜಿನಿಯ ಕೈಗೆ ಕೊಟ್ಟಳು. ಡಬ್ಬಿ ಬಾವಿಯ ಕಲ್ಲಿನಂತೆ ತಣ್ಣಗಿತ್ತು.

"ಮಳಿ ಇನ್ನಾ ನಿಂತಿಲ್ಲ, ನೋಡ್ರಿ" ಎಂದಳು ಮೆಲ್ಲಗೆ. "ಘಟ್ಟ ಇಳಿವಾಗ ಒಂದು ಹಳೇ ಕಾರು ಎದುರಿಗೆ ಬಂದ್ರ ದಾರಿ ಬಿಡ್ರಪಾ. ಒಳಗ ಎಷ್ಟು ಮಂದಿ ಕುಂತಾರ ಅಂತ ನೋಡಿ, ತಿರುಗಿ ಬರುವಾಗ ನನಗ ಹೇಳ್ರಿ."