ಮಗಳ ತಟ್ಟೆ ನೋಡಿ ಅಪ್ಪನಿಗೆ ಊಟ

ಕೇಳ್ರವ್ವಾ ಕೇಳಿ. ಹುಣಸೆಹಣ್ಣು ಬಿಡಿಸ್ತಾ ಬಿಡಿಸ್ತಾನೇ ಕೇಳಿ. ಕಿವಿ ನನಗಿರಲಿ, ಕೈ ಕೆಲಸಕ್ಕಿರಲಿ. ಒಂದು ರಾಜ್ಯ ಇತ್ತಂತೆ. ಯಾವ ರಾಜ್ಯ ಅಂತ ಕೇಳಬ್ಯಾಡಿ, ನನಗೆ ಕಥೆ ಹೇಳಿದೋರೂ ಅದನ್ನ ಹೇಳ್ಲಿಲ್ಲ. ಅಲ್ಲೊಬ್ಬ ರಾಜ. ಒಳ್ಳೇ ಮನುಷ್ಯಾನೇ. ಆದ್ರೆ ಯಾರು ಏನೇ ಹೇಳ್ಲಿ, "ಹೌದಲ್ಲಾ!" ಅನ್ನೋನು. ಅಂಥೋನ ಮುಂದೆ ನ್ಯಾಯ ಬಂದ್ರೆ ಏನಾಗ್ತದೆ?

ಆ ರಾಜ್ಯದಲ್ಲಿ ಒಂದು ಕಟ್ಟಳೆ ಇತ್ತು. ಗಂಡ ಹೆಂಡ್ತಿ ಬ್ಯಾರೆ ಆದ್ರಾ, ಆಗ್ಲಿ. ಮಗು ತಾಯಿ ಹತ್ರ ಉಳೀತಾ, ಉಳೀಲಿ. ಆದ್ರೆ ಅಪ್ಪನಾದೋನು ಮಗುವಿನ ಪಾಲಿನ ರಾಗಿನ ವಾರ ವಾರ ಆ ಬಾಗಿಲಿಗೆ ತಂದು ಹಾಕಬೇಕು. ಹಾಕ್ಲಿಲ್ಲ ಅಂದ್ರೆ ಹಾಕೋವರೆಗೂ ಸೆರೆಮನೆ.

ಅಲ್ಲೊಬ್ಬ ಕರಿಯಣ್ಣ, ತಾಮ್ರದ ಪಾತ್ರೆಗೆ ಕಲಾಯಿ ಹಾಕೋನು. ಅವನ ಹೆಂಡ್ತಿ ತಾಯಮ್ಮ. ಇಬ್ರಿಗೂ ಆಗ್ಬರ್ಲಿಲ್ಲ, ಬ್ಯಾರೆ ಆದ್ರು. ಯಾಕೆ ಆಗ್ಬರ್ಲಿಲ್ಲ ಅಂತೀರಾ? ಅದು ನಮಗ್ಯಾಕೆ, ಸುಮ್ನಿರಿ. ಐದು ವರ್ಷದ ಮಗಳು ಹೊನ್ನಿ ತಾಯಿ ಜೊತೆ ಉಳಿದ್ಳು. ಕರಿಯಣ್ಣ ಒಂದು ವಾರ ರಾಗಿ ಹಾಕ್ದ, ಎರಡು ವಾರ ಹಾಕ್ದ, ಮೂರನೇ ವಾರದಿಂದ ಒಂದು ಕಾಳೂ ಹಾಕ್ಲಿಲ್ಲ. ತಾಯಮ್ಮ ಅವರಿವರ ಮನೇಲಿ ಭತ್ತ ಕುಟ್ಟಿದ್ಳು. ಅವರು ಕೊಟ್ಟ ನುಚ್ಚಲ್ಲಿ ಎರಡು ಹೊಟ್ಟೆ ಹೆಂಗೆ ತುಂಬ್ತದೆ? ಮಗಳ ಕಣ್ಣು ಗುಳಿ ಬಿತ್ತು. ತಾಯಿ ಹೊಟ್ಟೆ ಉರೀತು. ನೆಟ್ಟಗೆ ಅರಮನೆಗೆ ಹೋದ್ಳು.

ಕರಿಯಣ್ಣನ್ನ ಎಳಕೊಂಡು ಬಂದ್ರು.

"ಯಾಕಯ್ಯಾ ರಾಗಿ ಹಾಕ್ಲಿಲ್ಲ?" ಅಂದ ರಾಜ.

"ಹಾಕ್ದಂಗೇ ಅಲ್ವಾ ಬುದ್ಧೀ? ಹಬ್ಬಕ್ಕೆ ಮಗೀಗೆ ಜರಿ ಲಂಗ ಹೊಲಿಸಿ ಕಳಿಸ್ದೆ. ಆರು ತಿಂಗಳ ರಾಗಿ ಬೆಲೆ ಅದು!"

"ಹೌದಲ್ಲಾ!" ಅಂದ ರಾಜ.

ತಾಯಮ್ಮ ಅಂದ್ಳು, "ಲಂಗ ಚೆನ್ನಾಗೈತೆ ಬುದ್ಧೀ, ಇಲ್ಲ ಅನ್ನಲ್ಲ. ಹಸಿವಾದಾಗ ಅದನ್ನ ಮುದ್ದೆ ಕಟ್ಟಿ ತಿನ್ನಿಸ್ಲಾ?"

"ಹೌದಲ್ಲಾ!" ಅಂದ ರಾಜ.

ಕರಿಯಣ್ಣ ಬಿಡ್ತಾನಾ? "ಬುದ್ಧೀ, ನನ್ನ ತಿದಿ ಹರಿದೋಗೈತೆ. ತಿದಿ ಇಲ್ದೆ ಕೆಂಡ ಊದೋದೆಂಗೆ, ಕಲಾಯಿ ಹಾಕೋದೆಂಗೆ? ದುಡಿಮೆನೇ ಇಲ್ಲ, ರಾಗಿ ಎಲ್ಲಿಂದ ತರ್ಲಿ?"

ಆಳು ಕಳಿಸಿ ನೋಡಿಸಿದ್ರು. ತಿದಿ ನಿಜವಾಗ್ಲೂ ಹರಿದಿತ್ತು. "ಹೌದಲ್ಲಾ!" ಅಂದ ರಾಜ.

"ಹರಿದು ಎಂಟು ತಿಂಗಳಾಯ್ತು ಬುದ್ಧೀ," ಅಂದ್ಳು ತಾಯಮ್ಮ. "ಒಂದು ದಬ್ಬಳ, ಒಂದು ಗಳಿಗೆ ಸಾಕು ಹೊಲಿಯೋಕೆ. ಎಂಟು ತಿಂಗಳಿಂದ ಚಾವಡೀಲಿ ಕೂತು ಚೌಕಾಬಾರ ಆಡ್ತವ್ನೆ."

"ಹೌದಲ್ಲಾ!"

ಕರಿಯಣ್ಣನ ಮುಖ ಕೆಂಪಗಾಯ್ತು. "ಅದೆಲ್ಲ ಇರ್ಲಿ ಬುದ್ಧೀ. ನಾನು ಹೋದ್ರೆ ಇವಳು ಬಾಗಿಲು ತೆಗೆಯಲ್ಲ, ಮಗೀ ಮುಖ ತೋರಿಸಲ್ಲ. ಮುಖಾನೇ ತೋರಿಸದ ಮಗೀಗೆ ನಾನ್ಯಾಕೆ ರಾಗಿ ಹಾಕ್ಲಿ?"

ರಾಜ ತಾಯಮ್ಮನ ಕಡೆ ತಿರುಗಿ, "ಇದು ನಿಜವೇನಮ್ಮಾ?" ಅಂದ.

ತಾಯಮ್ಮ ತಲೆ ತಗ್ಗಿಸಿದ್ಳು. "ನಿಜ ಬುದ್ಧೀ. ಬಂದಾಗೆಲ್ಲ ಬೀದಿಗೆ ಕೇಳೋ ಹಂಗೆ ಬಯ್ಯೋನು. ಸಿಟ್ಟು ಬಂತು, ಬಾಗಿಲು ಹಾಕ್ಕೊಂಡೆ. ಅದು ನನ್ನ ತಪ್ಪೇ. ಆದ್ರೆ ತಪ್ಪು ಮಾಡ್ದೋಳು ನಾನು, ಹಸಿದಿರೋದು ಹೊನ್ನಿ."

ನೋಡಿದ್ರಾ? ನನಗೂ ತಲೆ ಕೆಟ್ಟೋಗ್ತದೆ ಇಲ್ಲಿಗೆ ಬಂದ್ರೆ. ಅವನದ್ದು ಕೇಳಿದ್ರೆ ಅವನೂ ಸರಿ ಅನ್ನಿಸ್ತಾನೆ, ಇವಳದ್ದು ಕೇಳಿದ್ರೆ ಇವಳೇ ಸರಿ. ರಾಜ ಕಿರೀಟ ತೆಗೆದು ತಲೆ ಕೆರ್ಕೊಂಡ. ಮಂತ್ರಿ ಕಡೆ ನೋಡ್ದ. ಮಂತ್ರಿ ಸೂರು ನೋಡ್ತಾ ನಿಂತಿದ್ದ. ಕೊನೆಗೆ ರಾಜ, "ಕಟ್ಟಳೆ ಅಂದ್ರೆ ಕಟ್ಟಳೆ, ಸೆರೆಮನೆಗೆ ಹಾಕಿ" ಅಂದು ಎದ್ದೇ ಹೋದ.

ಸೆರೆಮನೇಲಿ ಏನಾಯ್ತು ಕೇಳಿ. ಅಲ್ಲಿ ಮಧ್ಯಾಹ್ನ ಬಿಸಿ ಮುದ್ದೆ, ಹುರುಳಿಕಾಳಿನ ಸಾರು. ಸಂಜೆಗೆ ಅನ್ನ, ಮಜ್ಜಿಗೆ. ದುಡಿಯೋ ಹಂಗಿಲ್ಲ. ತಿಂಗಳಾಗೋ ಹೊತ್ತಿಗೆ ಕರಿಯಣ್ಣನ ಕೆನ್ನೆ ತುಂಬ್ಕೊಂಡ್ವು. ಒಳಗಿದ್ದೋನು ದುಡಿಯೋದೆಂಗೆ? ದುಡೀದೆ ರಾಗಿ ಹಾಕೋದೆಂಗೆ? ರಾಗಿ ಹಾಕ್ದೆ ಹೊರಗೆ ಬರೋದೆಂಗೆ? ಇದನ್ನ ಕಟ್ಟಳೆ ಮಾಡ್ದೋನು ಯೋಚನೇನೇ ಮಾಡಿರ್ಲಿಲ್ಲ!

ತಾಯಮ್ಮ ಮತ್ತೆ ಬಂದ್ಳು. ಈ ಸಲ ಮಗಳನ್ನ ಸೊಂಟದ ಮೇಲೆ ಕೂರಿಸ್ಕೊಂಡು ಬಂದ್ಳು.

"ಬುದ್ಧೀ, ಇವಳನ್ನೂ ಸೆರೆಮನೆಗೆ ಹಾಕಿ."

"ಅಯ್ಯೋ, ಯಾಕಮ್ಮಾ? ಕೂಸು ಏನು ತಪ್ಪು ಮಾಡ್ತು?"

"ತಪ್ಪು ಮಾಡ್ದೋನಿಗೆ ಬಿಸಿ ಮುದ್ದೆ ಹಾಕ್ತೀರಿ. ತಪ್ಪು ಮಾಡ್ದೆ ಇರೋರಿಗೆ ಊಟ ಇಲ್ವಾ ನಿಮ್ಮ ರಾಜ್ಯದಲ್ಲಿ?"

ರಾಜನಿಗೆ "ಹೌದಲ್ಲಾ" ಅನ್ನೋಕೂ ಬಾಯಿ ಬರ್ಲಿಲ್ಲ. ನಾಚ್ಕೊಂಡ. "ನನಗೇನೂ ತೋಚ್ತಿಲ್ಲ ತಾಯೀ. ನೀನೇ ಹೇಳು, ಏನು ಮಾಡ್ಲಿ?"

"ನನ್ನ ಮಗಳು ಏನು ತಿಂತಾಳೋ ಅದನ್ನೇ ಅವನಿಗೂ ಹಾಕಿ. ಒಂದು ಅಗುಳು ಹೆಚ್ಚು ಬ್ಯಾಡ, ಕಮ್ಮೀನೂ ಬ್ಯಾಡ."

ಸರಿ. ಕಾವಲುಗಾರ ಮೂಡಲಯ್ಯ ಅಂತ ಒಬ್ಬ ಮುದುಕ ಇದ್ದ. ದಿನಾ ಮಧ್ಯಾಹ್ನ ತಾಯಮ್ಮನ ಮನೆಗೆ ಹೋಗೋದು, ಹೊನ್ನಿ ತಟ್ಟೆ ನೋಡೋದು, ಅಷ್ಟನ್ನೇ ತಂದು ಕರಿಯಣ್ಣನಿಗೆ ಇಕ್ಕೋದು. ಅದೇ ಅವನ ಕೆಲಸ ಆಯ್ತು.

ಮೊದಲನೇ ದಿನ ಒಂದು ಚಿಪ್ಪು ಅಂಬ್ಲಿ. ನೀರು ನೀರು.

"ಇದೇನಣ್ಣಾ ಇದು? ಜರಿ ಲಂಗ ಕೊಟ್ಟೋನು ನಾನು!" ಅಂತ ಕೂಗಾಡ್ದ ಕರಿಯಣ್ಣ.

"ನನಗೇನು ಗೊತ್ತಪ್ಪಾ? ನಿನ್ನ ಮಗಳ ತಟ್ಟೇಲಿ ಇದ್ದದ್ದು ಇಷ್ಟು," ಅಂದ ಮೂಡಲಯ್ಯ.

ಎರಡನೇ ದಿನ ಒಂದು ಹಿಡಿ ಬೇಯಿಸಿದ ಸೊಪ್ಪು. ಉಪ್ಪೂ ಇಲ್ಲ.

"ತಿದಿ ಹರಿದೋಗೈತಲ್ಲಣ್ಣಾ, ನಾನೇನು ಮಾಡ್ಲಿ?" ಅಂದ ಕರಿಯಣ್ಣ. ಕೂಗು ತಗ್ಗಿತ್ತು.

"ನನಗೇನು ಗೊತ್ತಪ್ಪಾ? ತಟ್ಟೇಲಿ ಇದ್ದದ್ದು ಇಷ್ಟು."

ಮೂರನೇ ದಿನ ಒಂದು ಲೋಟ ನೀರು, ಒಂದು ಚೂರು ಬೆಲ್ಲ.

"ಬಾಗಿಲು ತೆಗೀಲಿಲ್ಲ ಅವಳು..." ಅಂದ. ಅಂದೋನು ಅಲ್ಲಿಗೇ ನಿಲ್ಲಿಸ್ದ. ಹೊಟ್ಟೆ ಹಿಡ್ಕೊಂಡು ಮುದುರಿ ಮಲಗ್ದ. "ಮೂಡಲಣ್ಣಾ, ಬೆಲ್ಲ ತಿಂದು ಮಗು ಏನು ಮಾಡ್ತು?" ಅಂತ ಕೇಳ್ದ.

"ಅಳ್ತು. ಅತ್ತೂ ಅತ್ತೂ ಮಲಗ್ತು."

ಕರಿಯಣ್ಣ ತನ್ನ ಪಾಲಿನ ಬೆಲ್ಲದ ಚೂರನ್ನ ಹಂಗೇ ಬಿಟ್ಟ.

ನಾಲ್ಕನೇ ದಿನ ಮೂಡಲಯ್ಯ ಬಂದ. ತಟ್ಟೇಲಿ ಎರಡು ಮುದ್ದೆ! ದೊಡ್ಡ ದೊಡ್ಡವು, ಮೇಲೆ ಅವರೆಕಾಳಿನ ಸಾರು. ಕರಿಯಣ್ಣನಿಗೆ ಗಲಿಬಿಲಿ ಆಯ್ತು. ಇದು ಕನಸೋ ನಿಜವೋ? ಮುಟ್ಟಿ ನೋಡ್ದ, ಬಿಸಿ ಇತ್ತು.

"ಏನಣ್ಣಾ ಇದು? ರಾಜ ಕಟ್ಟಳೆ ಬದಲಾಯಿಸಿದ್ನಾ?"

"ಇಲ್ಲಪ್ಪಾ. ಪಕ್ಕದ ಮನೇಲಿ ನಾಮಕರಣ. ಹೊನ್ನಿನ ಕೂರಿಸಿ ಬಡಿಸಿದ್ರು."

"ಸರಿ. ಐದು ವರ್ಷದ ಕೂಸು ಎರಡು ಮುದ್ದೆ ಹೆಂಗಣ್ಣಾ ತಿಂತದೆ?"

ಮೂಡಲಯ್ಯ ಕೂತ್ಕೊಂಡ. ಹೆಗಲ ಮೇಲಿನ ಟವಲಿಂದ ಮುಖ ಒರೆಸ್ಕೊಂಡ. "ತಪ್ಪು ನಂದೇ ಕರಿಯಣ್ಣ. 'ದಿನಾ ಯಾಕೆ ಬರ್ತೀಯ ತಾತಾ?' ಅಂತ ಕೇಳ್ತು ಮಗು. 'ನೀನು ಎಷ್ಟು ತಿಂತೀಯೋ ನಿಮ್ಮಪ್ಪನಿಗೂ ಅಷ್ಟೇ ಕೊಡ್ತಾರೆ' ಅಂತ ಬಾಯಿ ಜಾರಿ ಅಂದ್ಬಿಟ್ಟೆ. ಒಂದು ಮುದ್ದೆ ತಿಂದು ಮುಗಿಸ್ತು. ಹೊಟ್ಟೆ ತುಂಬಿತ್ತು, ಏಳಬೇಕಿತ್ತು. 'ಅಪ್ಪನಿಗೆ ಒಂದು ಸಾಕಾಗಲ್ಲ, ಇನ್ನೊಂದು ಹಾಕಿ' ಅಂತು. ತುರುಕ್ಕೊಳ್ತು, ಬಿಕ್ಕಳಿಕೆ ಬಂತು. ನೀರು ಕುಡೀತು, ಮತ್ತೆ ತುರುಕ್ಕೊಳ್ತು. ಕಣ್ಣಲ್ಲಿ ನೀರು ಸುರೀತಿತ್ತು. ಬ್ಯಾಡ ಕಣವ್ವಾ ಅಂದ್ರೂ ಬಿಡ್ಲಿಲ್ಲ. ಪೂರ್ತಿ ತಿಂತು."

ಕರಿಯಣ್ಣ ಆ ಎರಡನೇ ಮುದ್ದೆ ನೋಡ್ದ. ಲಂಗದ ಮಾತು ಬಾಯಿಗೆ ಬರ್ಲಿಲ್ಲ. ತಿದಿ ಮಾತು ಬರ್ಲಿಲ್ಲ. ಬಾಗಿಲ ಮಾತೂ ಬರ್ಲಿಲ್ಲ. ತಟ್ಟೆ ಮುಂದಿಟ್ಕೊಂಡು ಗೋಳೋ ಅಂತ ಅತ್ತುಬಿಟ್ಟ. ನಾಚಿಕೇಲಿ ಅವನಿಗೆ ನೆಲದೊಳಗೆ ಇಳಿದುಹೋಗಬೇಕು ಅನ್ನಿಸ್ತು.

"ಅಣ್ಣಾ, ಒಂದು ದಬ್ಬಳ ತಂದ್ಕೊಡು. ನನ್ನ ತಿದಿ ತರಿಸ್ಕೊಡು. ಅರಮನೆ ಪಾತ್ರೆ ಎಲ್ಲ ಇಲ್ಲಿಗೇ ಕಳಿಸೋಕೆ ಹೇಳು. ಕೂಲಿ ನನ್ನ ಕೈಗೆ ಬ್ಯಾಡ, ರಾಗಿ ಮಾಡಿ ಅವರ ಬಾಗಿಲಿಗೆ ಹಾಕ್ಲಿ."

ಸೆರೆಮನೆ ಅಂಗಳದಲ್ಲೇ ಒಲೆ ಹೂಡ್ದ. ಕೊಳಗ, ಹಂಡೆ, ಚೊಂಬು, ಅರಮನೇಲಿರೋ ತಾಮ್ರ ಎಲ್ಲ ಬೆಳ್ಳಗಾಯ್ತು. ಹಳೇ ರಾಗಿ ಬಾಕಿ ತೀರ್ತು, ಹೊಸಾ ರಾಗೀನೂ ಬಾಗಿಲಿಗೆ ಬಿತ್ತು. ರಾಜ ಸೆರೆಮನೆ ಬೀಗ ತೆಗೆಸ್ದ.

ಆಮೇಲೆ ಗಂಡ ಹೆಂಡ್ತಿ ಒಂದಾದ್ರಾ ಅಂತೀರಾ? ಇಲ್ಲ. ಆಗ್ಬರ್ದೋರು ಆಗ್ಬರ್ಲೇ ಇಲ್ಲ. ಇಬ್ರಲ್ಲಿ ಯಾರು ಸರಿ ಅಂತ ರಾಜನಿಗೆ ಕೊನೇವರೆಗೂ ಗೊತ್ತಾಗ್ಲಿಲ್ಲ, ನನಗೂ ಗೊತ್ತಿಲ್ಲ, ನಿಮಗೆ ಗೊತ್ತಿದ್ರೆ ಹೇಳಿ. ಆದ್ರೆ ವಾರ ವಾರ ಕರಿಯಣ್ಣ ರಾಗಿ ಹೊತ್ಕೊಂಡು ಬರೋನು. ತಾಯಮ್ಮ ಬಾಗಿಲು ತೆಗೆಯೋಳು. ಅವನು ಜಗಲಿ ಮೇಲೆ ಕೂತು, "ಹೊನ್ನವ್ವಾ, ಏನು ಉಂಡೆ ಇವತ್ತು?" ಅನ್ನೋನು. ಅವಳು, "ಒಂದೇ ಮುದ್ದೆ ಉಂಡೆ ಕಣಪ್ಪಾ, ನಿಂಗೆ ಸಾಕಾಗ್ತದಾ?" ಅನ್ನೋಳು.

"ಸಾಕು ಕಂದಾ. ನನ್ನದು ನಾನು ಉಣ್ತೀನಿ. ನಿನ್ನ ಹೊಟ್ಟೆಗೆಷ್ಟು ಬೇಕೋ ಅಷ್ಟು ನೀನು ಉಣ್ಣು."

ಆಯ್ತು ಕಣ್ರವ್ವಾ. ನಾನು ಹೇಳ್ದಷ್ಟು ನೀವು ಕೇಳಿದ್ರಿ, ನೀವು ಕೇಳ್ದಷ್ಟು ನಾನು ಹೇಳ್ದೆ. ಏಳಿ ಇನ್ನ, ಮಕ್ಕಳು ಹಸ್ಕೊಂಡು ಕಾಯ್ತಿರ್ತವೆ.